ಫ್ರೀಜರಿನಲ್ಲಿ ಹಾರ್ಡ್ ಡಿಸ್ಕು

ಸ್ಫಾಕ್ಸ್ ಪೇಟೆಯ ನಿವೃತ್ತ ಅಂಚೆ ಗುಮಾಸ್ತ ಬೆಶೀರ್ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದರೆ ಕಪ್ಪು ಪರದೆಯಲ್ಲಿ ಒಂದೇ ಸಾಲು ಮೂಡಿತು: ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ.

ತೀರಿಕೊಂಡ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುವ ವಿಡಿಯೊ ಇದ್ದದ್ದು ಅದರೊಳಗೆ. ಹೆಂಡತಿ ಝೊಹ್ರಾ ಶುಕ್ರವಾರ ಬಂತೆಂದರೆ ಅದನ್ನು ನೋಡಲೇಬೇಕು. ಗಾಬೆಸ್‌ನ ತಂಗಿಯ ಮನೆಗೆ ಹೋದವಳು ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಕೆಲಸ ಬಿಟ್ಟಂದಿನಿಂದ ಯಾರ ಬಾಗಿಲನ್ನೂ ತಟ್ಟದ ಬೆಶೀರ್ ಕೆಳಗಿನ ಕ್ಷೌರದಂಗಡಿಗೆ ಓಡಿದ.

“ಓ, ಬೆಶೀರ್ ಸಾಹೇಬ್ರು! ಈ ಬೀದೀಲೇ ಇದ್ದೀರಾ ಇನ್ನೂ?” ಎಂದ ಕ್ಷೌರಿಕ ತೌಫೀಕ್, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಮೇಲೆ ಬಂದ. ಪೆಟ್ಟಿಗೆ ಬಿಚ್ಚಿ ಡಿಸ್ಕಿಗೆ ಕಿವಿ ಹಚ್ಚಿದ. “ಉಸಿರೇ ಇಲ್ಲ.”

ಮೇಲಿನ ಮನೆಯ ಮುದುಕಿ ಮಬ್ರೂಕಾ ಇಣುಕಿದಳು. “ಫ್ರೀಜರಿನಲ್ಲಿಡ್ರೋ! ನನ್ನ ತಂಗಿ ಮಗ ಹಂಗೇ ಬದುಕಿಸಿದ್ದ.”

“ಚಿಕ್ಕಮ್ಮಾ, ಅದೇನು ಮೀನಾ?” ಎಂದ ತೌಫೀಕ್.

“ಮೀನಿನ ಪಕ್ಕಾನೇ ಜಾಗ ಇದೆ, ಕೊಡು!”

ಡಿಸ್ಕು ಮಧ್ಯಾಹ್ನದವರೆಗೆ ಮೀನುಗಳ ನಡುವೆ ಮಲಗಿತು. ಅಷ್ಟರಲ್ಲಿ ಬೆಶೀರ್ ಮಬ್ರೂಕಾಳ ಮಂಡಿನೋವಿನ ಕತೆ ಕೇಳಿದ, ತೌಫೀಕನ ಜೊತೆ ಎರಡು ಸಲ ಚಹಾ ಕುಡಿದ, ಅರ್ಧಗಡ್ಡದ ಗಿರಾಕಿಯನ್ನು ಸಮಾಧಾನಪಡಿಸಿದ. ಹೊರತೆಗೆದಾಗ ಡಿಸ್ಕು ಸ್ನಾನ ಮಾಡಿಸಿದ ಕೂಸಿನಂತೆ ತೊಯ್ದಿತ್ತು. ತೌಫೀಕ್ ಅದನ್ನು ಅಂಗಿಯಿಂದ ಒರೆಸಿ ಕೂರಿಸಿದ.

“ಒಳಗೊಂದು ವೈರ್ ಬಿಚ್ಚಿಕೊಂಡಿತ್ತು. ನನ್ನ ಕೈ ತಗುಲಿರ್ಬೇಕು, ಸಿಕ್ಕಿಸಿದೀನಿ.”

ಗುಂಡಿ ಒತ್ತಿದರು. ಚಳಿಗೆ ಹಲ್ಲು ಕಡಿದ ಹಾಗೆ ಡಿಸ್ಕು ಕಟಕಟ ಎಂದಿತು. ಆಮೇಲೆ ಒಮ್ಮೆಗೇ ಸುಮ್ಮನಾಯಿತು. ಎಲ್ಲರೂ ತಲೆ ತಗ್ಗಿಸಿ ಹೊರಟುಹೋದರು.

ಸಂಜೆ ಝೊಹ್ರಾ ಬಂದಾಗ ಬೆಶೀರ್ ಅಳುವುದೊಂದು ಬಾಕಿ. “ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಕಣೆ. ನಿಮ್ಮಮ್ಮನ ನಗು ಹೋಯ್ತು.”

ಕತೆಯೆಲ್ಲ ಕೇಳಿ ಝೊಹ್ರಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. “ಫ್ರೀಜರಿಗೆ ಯಾಕೆ ಹಾಕಿದೆ! ಆ ವೈರ್ ಕಿತ್ತಿದ್ದು ನಾನು. ನಾನಿಲ್ಲದಾಗ ಆ ಡಬ್ಬಿ ಮುಂದೆ ಕೂತು ಕೊಳೀದೆ ನೀನು ನಾಲ್ಕು ಜನರ ಹತ್ರ ಮಾತಾಡ್ಲಿ ಅಂತ.”

“ಮತ್ತೆ ವಿಡಿಯೊ?”

“ನನ್ನ ಫೋನಲ್ಲೇ ಇದೆ. ಕಂಪ್ಯೂಟರಲ್ಲಿ ಹಾಕಿದ್ರೆ ನೀನೂ ಪಕ್ಕದಲ್ಲಿ ಕೂರ್ತೀಯಲ್ಲ, ಅದಕ್ಕೆ ಅಲ್ಲಿ ನೋಡ್ತಿದ್ದೆ.”

ಬೆಶೀರನಿಗೆ ಸಿಟ್ಟು ಬರಬೇಕಿತ್ತು. ಬರುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಸಾವಿನ ಮನೆಗೆ ಬರುವಂತೆ ಮಬ್ರೂಕಾ ಕುಸ್ಕುಸ್ ತುಂಬಿದ ಬೋಗುಣಿ ಹೊತ್ತು ಬಂದಳು. ಹಿಂದೆ ತೌಫೀಕ್, ಅವನ ಹಿಂದೆ ಅರ್ಧ ಬೀದಿ.

“ಝೊಹ್ರಾ, ಧೈರ್ಯ ತಂದ್ಕೊ ಮಗಳೇ. ದಿನಾ ರಾತ್ರಿ ನಾವೆಲ್ಲ ಬಂದು ಕೂರ್ತೀವಿ.”

ಝೊಹ್ರಾ ಗಂಡನ ತೊಡೆ ಚಿವುಟಿದಳು. ಬೆಶೀರ್ ಸತ್ಯವನ್ನು ನುಂಗಿಕೊಂಡು, ಮುಖ ಸಪ್ಪಗೆ ಮಾಡಿ, ಎಲ್ಲರಿಗೂ ಚಾಪೆ ಹಾಸಿದ.