ತಗಡಿನ ತುತ್ತೂರಿ ಮತ್ತು ಬೆಳಗಿನ ಮೋಟಾರು

ರೇಡಿಯೋದಲ್ಲಿ ಒಂದೇ ಸಾಬೂನಿನ ಹಾಡು ಮೂರನೇ ಸಲ ಬಂದಾಗ ನನ್ನ ಸೊಸೆ ಗುಂಡಿ ತಿರುಗಿಸಿ, "ಇಂಥ ಕಿರಿಕಿರಿ ಕೇಳಿ ಯಾರಾದ್ರೂ ಸಾಬೂನು ತಗತ್ವಾ ಮಾವಾ?" ಎಂದಳು. ಈ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ಆದರೆ ಮಾತನಾಡಿದರೆ ಮರ್ಯಾದೆ ಹೋಗುತ್ತದೆ!

ರೇಡಿಯೋ ಎಂಬುದನ್ನು ನಾವಿನ್ನೂ ಕಂಡಿರದ ಮೂವತ್ತರ ದಶಕದ ಮಾತು. ನಾನಾಗ ಶಿರಸಿ ಪೇಟೆಯಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ನನ್ನ ಗೆಳೆಯ ಹುಸೇನ್ ಸಾಹೇಬ ಎತ್ತಿನ ಗಾಡಿ ಹೊಡೆಯುತ್ತಿದ್ದ. "ಕಾಲ ಬದಲಾಗಿದೆ, ಮೋಟಾರು ತಗೊ" ಎಂದು ಅವನ ತಲೆ ತಿಂದವನು ನಾನೇ. ಪಾಪ, ಇದ್ದ ಗಾಡಿಯನ್ನೂ ಎರಡು ಜೋಡಿ ಎತ್ತನ್ನೂ ಮಾರಿ ಹಳೆಯದೊಂದು ಮೋಟಾರು ಬಸ್ಸು ತಂದ. ದಿನಾ ಬೆಳಿಗ್ಗೆ ಶಿರಸಿಯಿಂದ ಯಲ್ಲಾಪುರಕ್ಕೆ. ಮೋಟಾರು ತುಂಬದಿದ್ದರೆ ಅವನಿಗೆ ಹಳೆಯ ಕಸುಬಿಗೆ ಹಿಂದಿರುಗಲು ಗಾಡಿಯೂ ಇಲ್ಲ, ಎತ್ತೂ ಇಲ್ಲ.

"ಹೆಗಡೇರೆ, ಜನಕ್ಕೆ ಗೊತ್ತಾಗೋದು ಹ್ಯಾಂಗೆ?" ಎಂದು ಕೇಳಿದ.

"ಅದನ್ನು ನನಗೆ ಬಿಡು!" ಎಂದೆ. ಬಿಟ್ಟ. ಅದೇ ಅವನು ಮಾಡಿದ ತಪ್ಪು.

ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಮೊಳದುದ್ದದ ತುತ್ತೂರಿ ಮಾಡಿಸಿದೆ. ರಾತ್ರಿಯಿಡೀ ಕೂತು ಪದ್ಯ ಕಟ್ಟಿದೆ:

"ಎಲ್ಲಿಗೆ ಹೊರಟಿರಿ? ಎಲ್ಲಿಗೆ ಹೊರಟಿರಿ?
ಯಲ್ಲಾಪುರಕೆ ಹುಸೇನ್ ಮೋಟಾರು ಹತ್ತಿರಿ!"

ಬೆಳಗಾಗುತ್ತಲೇ ಅಂಗಳದಲ್ಲಿ ತಾಲೀಮು ನಡೆಸಿದೆ. ಹಟ್ಟಿಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಹೆಂಡತಿ ಒಳಗಿನಿಂದ ಓಡಿಬಂದಳು.

"ಎಂತದಿದು, ಮಂಗ ಓಡಿಸ್ತಾ ಇದ್ರಾ?"

"ಇದು ಪ್ರಚಾರ!"

"ಅಲ್ದಾ, ಆನು ಎಂತ ಹೇಳ್ತೆ ಅಂದ್ರೆ, ಹೊರಟವ್ಕೆ ಹಾಂಗೆ..."

"ನಿನಗೆ ವ್ಯಾಪಾರ ತಿಳಿಯುವುದಿಲ್ಲ" ಎಂದು ತುತ್ತೂರಿಯಲ್ಲೇ ಹೇಳಿ ಬೀದಿಗಿಳಿದೆ.

ಎಂಟೇ ದಿನದಲ್ಲಿ ಊರಿಗೆ ಊರೇ ನನ್ನ ಪದ್ಯ ಕಲಿಯಿತು. ಅಂಗಡಿಯವರು ನನ್ನನ್ನು ಕಂಡರೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ಸೊಪ್ಪು ಮಾರುವ ಮುದುಕಿ, "ಸಾಕು ಮಾಡ್ರಿ ಯಪ್ಪಾ, ಕಿವ್ಯಾಗ ಜೀರುಂಡಿ ಹೊಕ್ಕಂಗ ಆಗೇತಿ" ಎಂದು ಕೈಮುಗಿದಳು. ನನಗೆ ಪರಮಾನಂದ. ಕಿರಿಕಿರಿಯಾಯಿತೆಂದರೆ ಮನಸ್ಸಿಗೆ ನಾಟಿತೆಂದೇ ಅರ್ಥವಷ್ಟೆ?

ಮೋಟಾರು ಮಾತ್ರ ಖಾಲಿ!

ಹಾವೇರಿ ಕಡೆಯವರೊಬ್ಬರ ಮೋಟಾರು ಮಧ್ಯಾಹ್ನ ಅದೇ ಯಲ್ಲಾಪುರಕ್ಕೆ ಹೋಗುತ್ತಿತ್ತು. ಅದಕ್ಕೆ ಕೂಗುವವರಿಲ್ಲ, ಪದ್ಯವಿಲ್ಲ, ಬಣ್ಣ ಕೂಡ ನೆಟ್ಟಗಿಲ್ಲ. ಆದರೂ ಜನ ಮೆಟ್ಟಿಲಿನ ಮೇಲೂ ನಿಂತು ಹೋಗುತ್ತಿದ್ದರು. ಪ್ರಚಾರ ಸಾಲದೆಂದು ತೀರ್ಮಾನಿಸಿದೆ. ಬೀದಿ ಬಿಟ್ಟು ಮನೆಮನೆಯ ಎದುರು ನಿಂತು ಕೂಗತೊಡಗಿದೆ. ಕೈಯಲ್ಲಿ ಚೀಲ ಹಿಡಿದವರು ಕಂಡರೆ ಬೆನ್ನಟ್ಟಿ ಹೋಗಿ ಕಿವಿಯ ಹತ್ತಿರವೇ ಕೂಗಿದೆ. ಮೋಟಾರು ಇನ್ನಷ್ಟು ಖಾಲಿಯಾಯಿತು. ಹುಸೇನ್ ಮಾತ್ರ ಖಾಲಿ ಸೀಟುಗಳನ್ನು ಒರೆಸಿ, ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದ.

ಒಂದು ದಿನ ಭೈರುಂಬೆಯ ಗಣಪಣ್ಣ ಸಿಕ್ಕಿದ. ಶಿರಸಿಯ ಮಗಳ ಮನೆಗೆ ಬಂದವನು ಅಲ್ಲಿಂದ ಯಲ್ಲಾಪುರಕ್ಕೆ ಹೊರಟಿದ್ದ. ಅವನ ಮುಖಕ್ಕೇ ತುತ್ತೂರಿ ಹಿಡಿದೆ. ಅವನು ಚೀಲವನ್ನು ನೆಲಕ್ಕೆ ಕುಕ್ಕಿದ.

"ಹೆಗಡೆ, ಯನ್ನ ಮೇಲೆ ನಿಂಗೆ ಎಂತ ಸಿಟ್ಟು ಮಾರಾಯಾ? ಮೂರು ದಿನ ಆತು! ಆನು ಹೊರಡ್ತೆ, ನೀನು 'ಎಲ್ಲಿಗೆ' ಹೇಳಿ ಕೂಗ್ತೆ. ವಾಪಸ್ ಹೋಗಿ ಕಾಲು ತೊಳ್ಕಂಡು, ನೀರು ಕುಡ್ದು, ಕೂತು ಏಳದ್ರೊಳಗೆ ಮೋಟಾರು ಹೋಗಿರ್ತು! ಮಧ್ಯಾಹ್ನದ್ರಲ್ಲಿ ಕಾಲಿಡಲೂ ಜಾಗ ಇಲ್ಲೆ!"

ತುತ್ತೂರಿ ಕೈಜಾರಿ ಬಿತ್ತು.

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕೇಳಲೇಬೇಕಿದ್ದರೆ "ದೂರ ಹೊರಟ್ರಾ?" ಎನ್ನಬೇಕು. ನನ್ನ ಅಜ್ಜಿ ಇದನ್ನು ಹೇಳಿಕೊಡುತ್ತ ಕಿವಿ ಹಿಂಡಿದ್ದಳು. ಅಂಥ ನಾನು ಊರಿನ ಸಮಸ್ತ ಪ್ರಯಾಣಿಕರನ್ನೂ ದಿನಾ ಬೆಳಿಗ್ಗೆ ಅವರವರ ಮನೆಗೆ ವಾಪಸು ಕಳಿಸುತ್ತಿದ್ದೆ. ಅವರು ದೋಷ ಕಳೆದುಕೊಂಡು ಮತ್ತೆ ಹೊರಬೀಳುವಾಗ ಮಧ್ಯಾಹ್ನದ ಮೋಟಾರು ಸಿದ್ಧವಾಗಿ ನಿಂತಿರುತ್ತಿತ್ತು!

ಹುಸೇನನ ಮನೆಗೆ ಹೋಗಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವನು ಚಹಾ ಬಗ್ಗಿಸಿಕೊಟ್ಟ.

"ಗೊತ್ತಿತ್ತು ಹೆಗಡೇರೆ. ಎರಡನೇ ದಿನಾನೇ ಯಾರೋ ಅಂದ್ರು."

"ಮತ್ತೆ ಹೇಳಬಾರದಿತ್ತೇ ಪುಣ್ಯಾತ್ಮ!"

"ಹ್ಯಾಂಗೆ ಹೇಳ್ಲಿ? ನೀವು ಗಂಟಲು ಹರ್ಕೊಂಡು ನನಗೋಸ್ಕರ ಕೂಗ್ತಿದ್ರಿ. ಮೋಟಾರು ಹೋದ್ರೆ ಹೋಗ್ಲಿ, ದೋಸ್ತನ ದಿಲ್ ಮುರೀಬಾರ್ದು ಅಂತ ಸುಮ್ಮನಿದ್ದೆ."

ಅಷ್ಟರಲ್ಲಾಗಲೇ ನಷ್ಟ ತಾಳದೆ ಮಾರಿದ ಮೋಟಾರು ಹಾವೇರಿಯವರ ಪಾಲಾಗಿತ್ತು. ಹುಸೇನ್ ತನ್ನದೇ ಮೋಟಾರಿಗೆ ಸಂಬಳದ ಡ್ರೈವರ್ ಆದ; ಅದೂ ಮಧ್ಯಾಹ್ನವೇ ಹೊರಡತೊಡಗಿತು. ಆಮೇಲೂ ನನ್ನನ್ನು ಕಂಡಾಗಲೆಲ್ಲ ಮೋಟಾರು ನಿಲ್ಲಿಸಿ, "ಬರ್ರಿ ಹೆಗಡೇರೆ" ಎಂದು ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು.

ಕಿರಿಕಿರಿಯ ಜಾಹೀರಾತು ಕೆಲಸ ಮಾಡುತ್ತದೆಯೇ ಎಂದು ಕೇಳಿದಿರಾ? ನಾನು ಹುಸೇನನ ಮನೆಗೆ ಹೋಗಿ ಬಂದ ಮರುವಾರವೇ ಹಾವೇರಿಯ ಮಾಲಕರು ಬಾಳೆಗೊನೆಯೊಂದಿಗೆ ನನ್ನ ಮನೆಗೆ ಬಂದರು. ಬೇರೆ ಯಾರೋ ಹೊಸದಾಗಿ ಬೆಳಗಿನ ಮೋಟಾರು ಬಿಡುವವರಿದ್ದಾರಂತೆ.

"ತಾವು ಕೂಗೂದು ಬಿಡಬ್ಯಾಡ್ರಿ ಸಾಹೇಬ್ರ" ಎಂದು ಅವರು ಅತ್ಯಂತ ವಿನಯದಿಂದ ಬೇಡಿಕೊಂಡರು. "ತಿಂಗಳಿಗಿಷ್ಟು ಅಂತ ನಾವ ಕೊಡ್ತೀವಿ!"