ಕೇಳದೆಯೇ ತಂದುಕೊಟ್ಟ ಕಂಪ್ಯೂಟರು

ಕಂಪ್ಯೂಟರಿಗೆ ಸ್ವಲ್ಪ ದೂರದೃಷ್ಟಿ ಕಲಿಸಿದರೆ ನಮ್ಮ ಮನೆಯ ಕಷ್ಟವೆಲ್ಲ ತೀರುತ್ತದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನನ್ನ ಹೆಂಡತಿ ಸುಮಿತ್ರಾ ತ್ಯಾಗರಾಜನಗರದ ನಮ್ಮ ಮನೆಯಲ್ಲೇ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ವಿಡಿಯೋಗಳೆಲ್ಲ ಮಹಡಿ ಕೋಣೆಯ ಸರ್ವರ್‌ನಲ್ಲಿರುತ್ತವೆ. ಕೆಳಗೆ ನಡುಮನೆಯ ಕಂಪ್ಯೂಟರು ಅವನ್ನು ವೈಫೈ ಮೂಲಕ ತರಿಸಿಕೊಂಡು, ಆಗಾಗ ತಡವರಿಸುತ್ತ ತೋರಿಸುತ್ತದೆ. ಆ ಭಾನುವಾರ ಚಾಮರಾಜಪೇಟೆಯ ಜಯಮ್ಮನವರು ಹಿರಿಮಗಳ ಮದುವೆಯ ವಿಡಿಯೋ ನೋಡಲು ಬರುವವರಿದ್ದರು. ಇಷ್ಟವಾದರೆ ಕಿರಿಮಗಳ ಮದುವೆಯ ಕೆಲಸವೂ ಸುಮಿತ್ರಾಳಿಗೇ.

"ನೀವೇನೂ ಮುಟ್ಬೇಡಿ. ಹೇಗೋ ನಡೀತಿದೆ" ಎಂದಳು.

"ಹೇಗೋ ನಡೀಬಾರ್ದು ಅಂತಾನೇ ಮುಟ್ತಿರೋದು" ಎಂದೆ.

ರೀಡ್‌ಅಹೆಡ್ ಎಂಬುದೊಂದಿದೆ. ನಾವು ಕೇಳುವ ಮೊದಲೇ ಫೈಲಿನ ಮುಂದಿನ ಭಾಗವನ್ನು ತಂದಿಟ್ಟುಕೊಳ್ಳುವ ಏರ್ಪಾಡು. ಪಂಕ್ತಿಯಲ್ಲಿ ಪಲ್ಯ ಮುಗಿಯುವ ಮೊದಲೇ ಅನ್ನದವನು ಬಂದು ನಿಲ್ಲುವ ಹಾಗೆ. ನಮ್ಮದರಲ್ಲಿ ಅದು ನೂರಿಪ್ಪತ್ತೆಂಟು ಕಿಲೋಬೈಟಿತ್ತು. ಇಷ್ಟು ಜಿಪುಣತನ ಮದುವೆ ವಿಡಿಯೋಗೆ ಶೋಭಿಸದೆಂದು ತೀರ್ಮಾನಿಸಿ, ಹಂತಹಂತವಾಗಿ ಏರಿಸಬೇಕೆಂದು ಇಂಟರ್ನೆಟ್ಟಿನಲ್ಲಿ ಓದಿದ್ದ ಸಲಹೆಯನ್ನು ಕಡೆಗಣಿಸಿ, ಒಂದೇ ಏಟಿಗೆ ಅರವತ್ತು ಸಾವಿರ ದಾಟಿಸಿದೆ. ವಿಡಿಯೋವನ್ನು ಮೊದಲಿನಿಂದ ಹಾಕಿದೆ. ನೀರು ಕುಡಿದಷ್ಟು ಸಲೀಸಾಗಿ ಓಡಿತು! ಸುಮಿತ್ರಾ ಐದು ನಿಮಿಷ ನೋಡಿ "ಪರವಾಗಿಲ್ವೇ" ಎಂದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಇಂಥ ಪ್ರಶಸ್ತಿ ನನಗೆ ಸಿಕ್ಕಿರಲಿಲ್ಲ.

ಹನ್ನೊಂದಕ್ಕೆ ಜಯಮ್ಮನವರು ಅಣ್ಣನನ್ನೂ ನಾದಿನಿಯನ್ನೂ ಕರೆದುಕೊಂಡು ಬಂದರು. ನಾನೇ ಪ್ಲೇ ಒತ್ತಿದೆ. ಗಣಪತಿ ಪೂಜೆ ಶುರುವಾಯಿತು.

"ಇದೆಲ್ಲ ಆಮೇಲೆ ನೋಡೋಣ, ಧಾರೆ ಹಾಕಿ" ಎಂದರು ಜಯಮ್ಮ.

ಧಾರೆಗೆ ಹಾರಿಸಿದೆ. ಪರದೆ ನಿಂತಿತು. ಧಾರೆ ಬರುವಷ್ಟರಲ್ಲಿ ನಾದಿನಿ, "ಊಟದ್ದು ತೋರ್ಸಿ. ನಾನು ಹಸಿರು ಸೀರೆ ಉಟ್ಕೊಂಡು ಹೋಳಿಗೆ ಬಡಿಸ್ತಿದ್ದೆ" ಎಂದರು. ಊಟಕ್ಕೆ ಹಾರಿಸಿದೆ. ಮತ್ತೆ ನಿಂತಿತು. "ಬೀಗರನ್ನ ಎದುರುಗೊಂಡಿದ್ದು ನಾನು, ಅದೆಲ್ಲಿ?" ಎಂದರು ಅಣ್ಣ.

ಆಗ ನನಗೆ ಜ್ಞಾನೋದಯವಾಯಿತು. ನಮ್ಮಲ್ಲಿ ಮದುವೆ ವಿಡಿಯೋವನ್ನು ಮೊದಲಿನಿಂದ ಯಾರೂ ನೋಡುವುದಿಲ್ಲ. ತಾವು ಎಲ್ಲಿದ್ದೇವೋ ಅಲ್ಲಿಗೆ ಹಾರುತ್ತಾರೆ. ನನ್ನ ಕಂಪ್ಯೂಟರು ಮಾತ್ರ ಪ್ರತಿ ಸಲವೂ ಯಾರೂ ಕೇಳದ ಮುಂದಿನ ಭಾಗವನ್ನು ಹೊರೆಗಟ್ಟಲೆ ತರುತ್ತಿತ್ತು. ಕೇಳಿದ್ದು ಅದರ ಹಿಂದೆ ಸಾಲಿನಲ್ಲಿ ಕಾಯುತ್ತಿತ್ತು. ಪರದೆಯ ಮೇಲೆ ಬೀಗರು ಕೈಮುಗಿದವರು ಮುಗಿದಂತೆಯೇ ಉಳಿದರು.

"ಏನ್ರೀ, ನಾವು ತೆಗ್ಸಿದ್ದು ವಿಡಿಯೋನೋ ಫೋಟೋನೋ?" ಎಂದು ಅಣ್ಣ ಕೇಳಿದರು.

ಸುಮಿತ್ರಾಳ ಮುಖ ನೋಡಲು ಧೈರ್ಯವಾಗಲಿಲ್ಲ. ವಾರಗಟ್ಟಲೆ ಕಣ್ಣು ಕೆಂಪಾಗಿಸಿಕೊಂಡು ಅವಳು ಜೋಡಿಸಿದ ಕೆಲಸವದು. ನಿಜಕ್ಕೂ ನಾಚಿಕೆಯಾಯಿತು. ಹಳೆಯ ಅಂಕಿಯನ್ನೇ ಹಾಕೋಣವೆಂದು ಕೀಬೋರ್ಡ್ ಎಳೆದುಕೊಂಡೆ.

"ನೀವು ಕಾಫಿ ಮಾಡ್ಕೊಂಡು ಬನ್ನಿ" ಎಂದಳು, ಮೆಲ್ಲಗೆ.

ನಾನು ಕಾಫಿ ತರುವಷ್ಟರಲ್ಲಿ ಅವಳು ವಿಡಿಯೋದ ಇನ್ನೊಂದು ಪ್ರತಿಯಿದ್ದ ಪುಟ್ಟ ಹಾರ್ಡ್‌ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದ್ದಳು. ಸರ್ವರ್ ಇಲ್ಲ, ವೈಫೈ ಇಲ್ಲ. ಯಾರು ಎಲ್ಲಿಗೆ ಕೇಳಿದರೂ ವಿಡಿಯೋ ಅಲ್ಲಿಗೆ ಹೋಗುತ್ತಿತ್ತು. ಜಯಮ್ಮನವರು ಎರಡು ಸಲ ಕಣ್ಣೊರೆಸಿಕೊಂಡರು.

ಹೊರಡುವಾಗ ಅವಳ ಕೈ ಹಿಡಿದು, "ಚಿಕ್ಕವಳ ಮದ್ವೇದೂ ನೀನೇ ಮಾಡ್ಕೊಡ್ಬೇಕಮ್ಮ" ಎಂದರು. ಆಮೇಲೆ ನನ್ನತ್ತ ತಿರುಗಿದರು.

"ಕಾಫಿ ಸೊಗಸಾಗಿತ್ತು. ನೀವು ಅದನ್ನೇ ಮುಂದುವರಿಸಿ."

ಮುಂದುವರಿಸಿಕೊಂಡು ಬಂದಿದ್ದೇನೆ.