ಖಾಲಿ ಪಾತ್ರೆ ಕೊಡದ ನಮ್ಮತ್ತೆ

ನಮ್ಮ ಅತ್ತೆಯವರಿಗೆ ಒಂದು ಕಾಯಿಲೆ ಇದೆ. ಯಾವ ಡಾಕ್ಟರ ಹತ್ತಿರವೂ ಮಾತ್ರೆಯಿಲ್ಲದ ಕಾಯಿಲೆ. ಯಾರ ಮನೆಯ ಪಾತ್ರೆಯನ್ನೂ ಅವರು ಖಾಲಿ ವಾಪಸ್ ಕೊಡಲಾರರು! ಅದೇನು ಮಹಾ, ನಮ್ಮ ಕೃಷ್ಣರಾಜನಗರದ ಕಡೆ ಎಲ್ಲ ಮನೆಯಲ್ಲೂ ಇರುವ ಪದ್ಧತಿಯೇ ಅಲ್ಲವೇ ಅನ್ನುತ್ತೀರಾ? ಹೌದು. ಆದರೆ ಇಷ್ಟು ದೂರ ಹೋದವರನ್ನು ನಾನಂತೂ ಕಂಡಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ಕೊಟ್ಟರು. ಅತ್ತೆ ಅದರ ತುಂಬ ಅವರೆಕಾಳು ಹಾಕಿ ಕಳಿಸಿದರು. ಆಕೆ ಸೋಲುತ್ತಾರೆಯೇ? ಅದೇ ಡಬ್ಬಿಯಲ್ಲಿ ಕಜ್ಜಾಯ ಬಂತು! ಡಬ್ಬಿ ಇವತ್ತಿಗೂ ಓಡಾಡುತ್ತಲೇ ಇದೆ. ಅದು ಯಾರದೆಂದು ಎರಡೂ ಮನೆಯವರಿಗೆ ಮರೆತುಹೋಗಿದೆ.

ಗ್ಯಾಸ್ ತಂದವನಿಗೆ ಖಾಲಿ ಸಿಲಿಂಡರ್ ಕೊಡುವಾಗ ಅದರ ಹಿಡಿಗೆ ಒಂದು ಕಟ್ಟು ನುಗ್ಗೆಕಾಯಿ!

"ಅವ್ವಾ, ಖಾಲಿ ಸಿಲಿಂಡರ್ ಖಾಲಿನೇ ಕೊಡ್ಬೇಕು!"

"ನಿಮ್ ಕಂಪ್ನಿ ರೂಲ್ಸ್ ನಿಮ್ಗೆ, ನಮ್ಮನೆ ರೂಲ್ಸ್ ನಂಗೆ ಕಣಪ್ಪ. ತಕೊಂಡೋಗು."

ಅಂದಿನಿಂದ ನಮ್ಮ ಬೀದಿಯಲ್ಲಿ ಮೊದಲ ಸಿಲಿಂಡರ್ ಇಳಿಯುವುದು ನಮ್ಮ ಮನೆಗೇ.

ಗದ್ದೆ ಕೊಯ್ಲು ಮುಗಿದರೆ ಅತ್ತೆ ಬಿಂದಿಗೆಯಲ್ಲಿ ಹೊಸ ಬತ್ತ ಹಾಕಿಕೊಂಡು ಕಾವೇರಿಗೆ ಹೋಗುತ್ತಾರೆ. ಬತ್ತ ಹೊಳೆಗೆ ಸುರಿದು ನೀರು ತುಂಬಿಕೊಂಡು ಬರುತ್ತಾರೆ.

"ಅತ್ತೆ, ಅದನ್ನ ಮೀನು ತಿಂದ್ಕೊಂಡು ಹೋಗ್ತವೆ ಅಷ್ಟೇ!"

"ತಿನ್ಲಿ ಬುಡು. ಬತ್ತ ಬೆಳ್ದಿದ್ದು ಯಾರ್ ನೀರಲ್ಲಿ? ಅವಳ ಮುಂದೆ ಬರೀ ಬಿಂದ್ಗೆ ಇಡ್ಕೊಂಡು ಎಂಗ್ ನಿಂತ್ಕಳಾದು?"

ನಾನು ನಗಲು ಹೊರಟಿದ್ದೆ. ಮೊಣಕಾಲುದ್ದ ನೀರಲ್ಲಿ ಕೈಮುಗಿದು ನಿಂತಿದ್ದ ಅವರನ್ನು ನೋಡಿ ನಾನೂ ಕೈಮುಗಿದೆ.

ಇಂಥ ಅತ್ತೆ ಸೋತಿದ್ದು ನನ್ನ ಹೆರಿಗೆಯಲ್ಲಿ. ಮಗಳು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ನಾನು ಹೋಗೇಬಿಟ್ಟೆ ಅಂದುಕೊಂಡರಂತೆ. ಯಾರೋ ಕೊಟ್ಟ ರಕ್ತ ಹನಿಹನಿಯಾಗಿ ಇಳಿದು ನನ್ನನ್ನು ಉಳಿಸಿತು. ನರ್ಸ್ ಖಾಲಿ ಚೀಲ ಬಿಚ್ಚಿಕೊಂಡು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅದು ಯಾರ್ ಮನೇದವ್ವ?"

"ಗೊತ್ತಿಲ್ಲ ಅಜ್ಜಿ. ಕೊಟ್ಟೋರ ಹೆಸರು ಹೇಳಲ್ಲ."

"ಅಯ್ಯೋ ಶಿವನೇ! ಮತ್ತೆ ಎಲ್ಲಿಗ್ ವಾಪಸ್ ಕೊಡಾದು?"

ಮನೆಗೆ ಬಂದರೂ ಅದೇ ಕೊರಗು. ಮೊಮ್ಮಗಳನ್ನು ಎತ್ತಿಕೊಂಡಾಗಲೆಲ್ಲ, "ನಿಮ್ಮವ್ವನ್ನ ಉಳ್ಸ್ಕೊಟ್ಟೋರ ಪಾತ್ರೆ ಅಂಗೇ ಖಾಲಿ ಹೋಯ್ತಲ್ಲ ಮಗ" ಅನ್ನುತ್ತಿದ್ದರು.

ಮೊನ್ನೆ ನಮ್ಮೂರಲ್ಲಿ ರಕ್ತದಾನ ಶಿಬಿರ. ಅಷ್ಟು ಹೊತ್ತಿಗೆ ಮಗಳು ಹಾಲು ಬಿಟ್ಟು, ಮನೆ ತುಂಬ ಓಡಾಡುತ್ತಿದ್ದಳು. ಅತ್ತೆ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ! ಕೂತವರೇ ಕೈ ಚಾಚಿದರು.

"ಇಷ್ಟು ವಯಸ್ಸಾದೋರದ್ದು ತಗೊಳ್ಳಂಗಿಲ್ಲ ಅಜ್ಜಿ."

"ಸಕ್ರೆ ಕಾಯ್ಲೆ ಇಲ್ಲ, ಬಿಪಿ ಇಲ್ಲ ಕಣವ್ವ! ಒಂದ್ ಲೋಟನಾರ ತಕೋ!"

ನರ್ಸ್ ತೆಗೆದುಕೊಳ್ಳಲಿಲ್ಲ. ಚಾಚಿದ ಕೈಯನ್ನು ಅತ್ತೆ ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ. ಸೂಜಿ ಕಂಡರೆ ತಲೆ ಸುತ್ತುವವಳು ನಾನು, ಹೋಗಿ ಮಂಚದ ಮೇಲೆ ಮಲಗಿಯೇಬಿಟ್ಟೆ!

ಚೀಲ ತುಂಬಿತು. ಅತ್ತೆ ನರ್ಸನ್ನು ಕೇಳಿಕೊಂಡು ಅದರ ಮೇಲೆ ಅಂಗೈಯಿಟ್ಟರು.

"ಬೆಚ್ಗದೆ" ಅಂದರು. ಆಮೇಲೆ ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ, "ತಡವಾಯ್ತು, ಬೇಜಾರ್ ಮಾಡ್ಕಬ್ಯಾಡಿ. ತಕಳಿ, ನಿಮ್ ಪಾತ್ರೆ" ಅಂದರು.

ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ನೋಯ್ತಾ ಇದೆಯಾ ಅಂತ ನರ್ಸ್ ಕೇಳಿದಳು. ಇಲ್ಲ ಅಂದೆ.